ಉಪ್ಪಿನ ಗೆರಟೆಗಳು

ಪಡೀಲಿನ ಲೋಕಯ್ಯನವರ ಮನೆಗೆ ಸೊಸೆಯಾಗಿ ಬಂದ ವರ್ಷವೇ ಭವ್ಯಶ್ರೀಗೆ ಇನ್ನೊಂದು ಹೆಸರು ಬಿತ್ತು: ಮರಪು. ತುಳುವಿನಲ್ಲಿ ಮರೆವಿಗೆ ಹಾಗೆನ್ನುತ್ತಾರೆ. ಹಾಲು ಒಲೆಯ ಮೇಲಿಟ್ಟು ಬಟ್ಟೆ ಒಣಹಾಕಲು ಹೋದರೆ ಹಾಲಿನ ನೆನಪಾಗುವುದು ಕರಕಲು ವಾಸನೆ ಬಂದಾಗ. ಹಂಪನಕಟ್ಟೆಯ ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಟವಳು ಟಿಫಿನ್‌ಗೆಂದು ಬಸ್‌ಸ್ಟಾಪಿನಿಂದ ವಾಪಸು ಬಂದು, ಕೊಡೆ ಹಿಡಿದುಕೊಂಡು, ಟಿಫಿನ್ ಅಲ್ಲೇ ಬಿಟ್ಟು ಹೋದದ್ದುಂಟು. ಗಂಡ ಮುಖೇಶ್ ಕೊಲ್ಲಿ ದೇಶದ ದಮಾಮಿನಲ್ಲಿ ದುಡಿಯುತ್ತಾನೆ. ಪ್ರತಿ ಸಲ ರಜೆಗೆ ಬರುವಾಗಲೂ ಏನಾದರೊಂದನ್ನು ಅಲ್ಲೇ ಮರೆತು ಬರುತ್ತಾನೆ. ಅದಕ್ಕೆ ಮನೆಯಲ್ಲಿ ‘ಪಾಪ, ಟೆನ್ಶನ್’ ಎಂದು ಹೆಸರು.

ಮಗಳು ಪ್ರಾಪ್ತಿ ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ತಾಯಿಯ ಅಡ್ಡಹೆಸರು ಅವಳಿಗೂ ಅಂಟಿತು. ಶಾಲೆಯ ಕೌನ್ಸೆಲರ್ ರೀಮಾ ಕರೆಸಿದಾಗ ಭವ್ಯಶ್ರೀ ದೂರು ಕೇಳಲು ತಯಾರಾಗಿಯೇ ಹೋಗಿದ್ದಳು.

“ಇವಳ ಬುದ್ಧಿಗೆ ಎಂತ ಕಮ್ಮಿಯೂ ಇಲ್ಲ,” ಎಂದರು ರೀಮಾ. “ಎಲ್ಲಿಂದ ಶುರು ಮಾಡುವುದು, ಯಾವುದರ ನಂತರ ಯಾವುದು, ಮಧ್ಯದಲ್ಲಿ ಯಾರಾದ್ರೂ ಕರೆದ್ರೆ ಬಿಟ್ಟಲ್ಲಿಗೇ ವಾಪಸು ಬರುವುದು, ಅದು ಕಷ್ಟ ಆಗ್ತದೆ. ಬೈದ್ರೆ ಸರಿ ಆಗುವುದಿಲ್ಲ. ತಲೆಯಲ್ಲಿ ಇಟ್ಕೊಳ್ಬೇಕಾದ್ದನ್ನು ಕಣ್ಣಿಗೆ ಕಾಣುವ ಹಾಗೆ ಹೊರಗೆ ಇಡಿ. ದೊಡ್ಡ ಕೆಲಸವನ್ನು ತುಂಡು ಮಾಡಿ ಕೊಡಿ.”

ಭವ್ಯಶ್ರೀ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು. “ಇದು ದೊಡ್ಡವರಿಗೂ ಇರ್ತದಾ ಮೇಡಂ?”

“ಇರ್ತದೆ. ಯಾಕೆ?”

“ನೀವು ಹೇಳಿದ್ದು ಪೂರಾ ನನ್ನ ಕಥೆ.”

ಆ ವಾರವೇ ಅವಳು ಸ್ಕ್ರೂಡ್ರೈವರ್ ಹಿಡಿದು ಅಡುಗೆಮನೆಯ ಕಪಾಟುಗಳ ಬಾಗಿಲು ಕಳಚಿದಳು. ಬಾಗಿಲ ಹಿಂದೆ ಹೋದ ವಸ್ತು ಅವಳ ಪಾಲಿಗೆ ಲೋಕದಲ್ಲೇ ಇರುವುದಿಲ್ಲ. ಒಲೆ ಹಚ್ಚಿದ ಕೂಡಲೇ ಒಂದು ಸೌಟನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳತೊಡಗಿದಳು. ಸೌಟು ಸೊಂಟದಲ್ಲಿದ್ದರೆ ಒಲೆ ಉರಿಯುತ್ತಿದೆ ಎಂದರ್ಥ. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಮನೆಯ ಒಂದೊಂದು ಕೆಲಸವನ್ನೂ ಒಂದೊಂದು ರಟ್ಟಿನ ಚೀಟಿಯಲ್ಲಿ ಬರೆದು, ಬಟ್ಟೆಯ ಕ್ಲಿಪ್ಪಿನಲ್ಲಿ ನೇತುಹಾಕಿದಳು. ಕೆಲಸ ಹಿಡಿದವರು ಆ ಚೀಟಿಯನ್ನು ಮೈಮೇಲಿನ ಬಟ್ಟೆಗೆ ಸಿಕ್ಕಿಸಿಕೊಳ್ಳಬೇಕು, ಮುಗಿದ ಮೇಲೆ ಡಬ್ಬಿಗೆ ಹಾಕಬೇಕು.

“ಇದು ಮನೆಯಾ, ರೇಷನ್ ಅಂಗಡಿಯಾ?” ಎಂದು ಕೇಳಿದರು ಮುದ್ದು ಎಂಬ ಹೆಸರಿನ ಅತ್ತೆ. ಆದರೂ ಹಗ್ಗದ ಉದ್ದ ನೋಡಿ ಅವರು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಇಷ್ಟು ವರ್ಷ ತಮ್ಮ ತಲೆಯೊಳಗೆ ಓಡಾಡುತ್ತಿದ್ದುದು ಅಷ್ಟು ಉದ್ದವಿದೆ ಎಂದು ಅವರಿಗೂ ಗೊತ್ತಿರಲಿಲ್ಲ.

ಹಾಗಿರುವಾಗ ಮನೆಯ ದೈವಕ್ಕೆ ಅಗೆಲು, ಅಂದರೆ ಎಡೆ, ಬಡಿಸುವ ದಿನ ಹತ್ತಿರ ಬಂತು. ಅನ್ನ, ಒಣದೋಸೆ, ಕೋಳಿ ಪದಾರ್ಥ ಬಾಳೆಲೆಯಲ್ಲಿ ಬಡಿಸಿ ಲೋಕಯ್ಯನವರು ಕೈಮುಗಿದು ಪ್ರಾರ್ಥಿಸುತ್ತಾರೆ. ಕುಟುಂಬದವರಿಗೆಲ್ಲ ನೆನಪಿರುವುದು ಆ ಪ್ರಾರ್ಥನೆ. ಬೆಳಗ್ಗಿನಿಂದ ಬೇಯಿಸುತ್ತಿದ್ದವರು ಮುದ್ದು. ಈ ವರ್ಷ ಅವರ ಮೊಣಕಾಲಿಗೆ ಆಪರೇಶನ್ ಆಗಿತ್ತು. ದೇರೆಬೈಲಿನಿಂದ ನಾದಿನಿ ಸುಪ್ರೀತಾ ಫೋನ್ ಮಾಡಿದಳು.

“ಅಡುಗೆ ನಾನು ಇಲ್ಲಿಂದಲೇ ಮಾಡಿ ತರ್ತೇನೆ ಅಮ್ಮಾ. ಅವಳ ಕೈಗೆ ಕೊಟ್ರೆ ಎಂತಾದ್ರೂ ಮರೀತಾಳೆ. ಮಗಳೂ ಹಾಗೇ, ಇಬ್ರೂ ಮರಪು.”

ಫೋನಿನ ಸ್ಪೀಕರ್ ಆನ್ ಇತ್ತು. ಹೋಮ್‌ವರ್ಕ್ ಮಾಡುತ್ತಿದ್ದ ಪ್ರಾಪ್ತಿಯ ತಲೆ ಇನ್ನಷ್ಟು ತಗ್ಗಿತು. ಕೆಲಸ ತಪ್ಪಿತಲ್ಲ ಎಂದು ಖುಷಿಪಡಬಹುದಾಗಿದ್ದ ಭವ್ಯಶ್ರೀ, ಆ ತಗ್ಗಿದ ತಲೆ ನೋಡಿ ಫೋನಿನ ಹತ್ತಿರ ಬಂದಳು.

“ಇಲ್ಲಿಯೇ ಮಾಡ್ತೇನೆ ಸುಪ್ರೀತಕ್ಕ. ತಪ್ಪಿದ್ರೆ ಮುಂದಿನ ವರ್ಷದಿಂದ ನೀವೇ ಮಾಡಿ.”

ಹೇಳಿದ ಮೇಲೆ ಅವಳಿಗೆ ಉಪ್ಪಿನ ನೆನಪಾಯಿತು. ದೈವಕ್ಕೆ ಬಡಿಸುವ ಮೊದಲು ಅಗೆಲಿನ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ಹಾಕಿದೆನೋ ಇಲ್ಲವೋ ಎಂದು ನಾಲಿಗೆಯನ್ನು ಕೇಳುವ ದಾರಿಯೇ ಇಲ್ಲ. ಮರೆವಿನವಳಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇರೆ ಬೇಡ.

ಉಪಾಯ ಹೊಳೆದದ್ದು ಕಾಯಿ ತುರಿದು ಉಳಿದ ಗೆರಟೆಗಳನ್ನು, ಆ ಖಾಲಿ ತೆಂಗಿನ ಚಿಪ್ಪುಗಳನ್ನು, ನೋಡಿದಾಗ. ಅಗೆಲಿನ ದಿನ ಬೆಳಿಗ್ಗೆ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಒಂದೊಂದು ಪಾತ್ರೆಗೆ ಬೇಕಾದ ಉಪ್ಪನ್ನು ಒಂದೊಂದು ಗೆರಟೆಯಲ್ಲಿ ಅವರ ಕೈಯಿಂದಲೇ ಹಾಕಿಸಿದಳು. ಪಾತ್ರೆಯ ಎದುರು ಅದರದರ ಗೆರಟೆ. ಉಪ್ಪು ಹಾಕಿದ ಕೂಡಲೇ ಗೆರಟೆ ಮಗುಚಬೇಕು.

ರಜೆಯಲ್ಲಿ ಬಂದಿದ್ದ ಮುಖೇಶ್ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಎಂತ ಮಾಡ್ಬೇಕು ಹೇಳು, ಮಾಡ್ತೇನೆ,” ಎಂದ. ಯಾವತ್ತೂ ಹೇಳುವ ಮಾತೇ. ಹೇಳಿಸಿಕೊಂಡು ಮಾಡುವುದು ಒಂದು ಕೆಲಸವಾದರೆ, ನೆನಪಿಟ್ಟು ಹೇಳುವುದು ಇನ್ನೊಂದು ಕೆಲಸ. ಆ ಎರಡನೆಯದು ಈ ಮನೆಯಲ್ಲಿ ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

“ಹೇಳಲಿಕ್ಕೆ ನನ್ಗೆ ಪುರುಸೊತ್ತಿಲ್ಲ. ಹಗ್ಗದಲ್ಲಿ ಉಂಟು, ತೆಗೊಳ್ಳಿ.”

ಅವನು ‘ಕಾಯಿ ತುರಿಯುವುದು’ ಎಂಬ ಚೀಟಿಯನ್ನು ಬನಿಯನ್ನಿಗೆ ಸಿಕ್ಕಿಸಿಕೊಂಡ. “ಎಂತ ಮಾರಾಯ್ತಿ ಇದು, ಎಲೆಕ್ಷನ್ ಡ್ಯೂಟಿಯಾ?”

“ಅಪ್ಪಾ, ಅದು ಮುಗಿದ್ಮೇಲೆ ಈರುಳ್ಳಿ ಉಂಟು,” ಎಂದಳು ಪ್ರಾಪ್ತಿ. ಅವಳ ಅಂಗಿಯಲ್ಲಿ ಬಾಳೆಲೆ ಒರೆಸುವ ಚೀಟಿ ಇತ್ತು.

ಸಂಜೆಯ ಹೊತ್ತಿಗೆ ಕೋಳಿ ಪದಾರ್ಥ ಕುದಿಯತೊಡಗಿತು. ಸುಪ್ರೀತಾ ನೆಂಟರೊಂದಿಗೆ ಬಂದಿಳಿದಳು. ಒಬ್ಬರಿಗೆ ನೀರು, ಇನ್ನೊಬ್ಬರಿಗೆ ಕುರ್ಚಿ, ಮತ್ತೊಬ್ಬರಿಗೆ ಫ್ಯಾನಿನ ಸ್ವಿಚ್ಚು. ಎಲ್ಲರೂ ಕೂಗಿದ್ದು ಭವ್ಯಶ್ರೀಯ ಹೆಸರನ್ನೇ. ಅವಳು ಓಡಾಡಿ ಒಲೆಯ ಹತ್ತಿರ ವಾಪಸು ಬಂದಾಗ ಸುಪ್ರೀತಾ ಪಾತ್ರೆಯೊಳಗೆ ಬಗ್ಗಿ ನೋಡುತ್ತಿದ್ದಳು.

“ಕೋಳಿಗೆ ಉಪ್ಪು ಹಾಕಿದ್ದೀಯಾ ಭವ್ಯಾ?”

ಹಾಕಿದ್ದೇನೆ ಎಂದು ನಾಲಿಗೆಯ ತುದಿಗೆ ಬಂತು. ಹಾಕಿದ ಕೈಯ ನೆನಪೂ ಸ್ಪಷ್ಟವಾಗಿತ್ತು. ಆದರೂ ಆ ನೆನಪನ್ನು ನಂಬದೆ ಅವಳು ಪಾತ್ರೆಯ ಎದುರು ನೋಡಿದಳು. ಅನ್ನದ ಗೆರಟೆ ಮಗುಚಿತ್ತು. ಕೋಳಿಯ ಗೆರಟೆ ಬಾಯಿ ಮೇಲೆ ಮಾಡಿ ಕೂತಿತ್ತು, ಉಪ್ಪಿನ ಸಮೇತ.

“ಇಲ್ಲ, ಹಾಕಿಲ್ಲ,” ಎಂದು ಉಪ್ಪು ಸುರಿದು ಗೆರಟೆ ಮಗುಚಿದಳು.

“ಕಂಡ್ರಾ ಅಮ್ಮಾ!” ಸುಪ್ರೀತಾ ಜಗಲಿಗೆ ಕೇಳುವಂತೆ ಹೇಳಿದಳು. “ನಾನು ಹೇಳ್ಲಿಲ್ವಾ, ಮರೀತಾಳೆ ಅಂತ? ನಾನು ಕೇಳದಿದ್ರೆ ದೈವಕ್ಕೆ ಸಪ್ಪೆ ಬಡಿಸ್ತಿದ್ಳು.”

“ಬಡಿಸ್ತಿರ್ಲಿಲ್ಲ ಮಾಮಿ,” ಎಂದಳು ಪ್ರಾಪ್ತಿ. “ಎಲ್ಲ ಗೆರಟೆ ಮಗುಚದೆ ನಾನು ಎಲೆ ಕೊಡುವ ಹಾಗೆಯೇ ಇಲ್ಲ. ಅಮ್ಮ ಮರೆತದ್ದು ಹೌದು. ಆದ್ರೆ ತಪ್ಪಲಿಲ್ಲ ಅಲ್ವಾ?”

ಅದಕ್ಕೆ ಉತ್ತರ ಕೊಟ್ಟದ್ದು ಕುರ್ಚಿಯಲ್ಲಿದ್ದ ಮುದ್ದು.

“ನಾನು ಮರೆತಿಲ್ಲಾಂತ ನಿನ್ಗೆ ಯಾರು ಹೇಳಿದ್ದು ಸುಪ್ರೀತಾ? ಪ್ರತಿ ವರ್ಷ ಎಲೆ ಎತ್ತುವವರೆಗೆ ನನ್ಗೆ ಎದೆ ಡವಡವ. ಒಂದು ವರ್ಷ ಉಪ್ಪೇ ಇರ್ಲಿಲ್ಲ. ದೈವ ಎಂತದೂ ಹೇಳ್ಲಿಲ್ಲ, ನಿನ್ನ ಅಪ್ಪ ಇಡೀ ಪಡೀಲಿಗೆ ಹೇಳಿ ಬಂದ್ರು.”

ಲೋಕಯ್ಯ ಪಂಚೆ ಸರಿಮಾಡಿಕೊಂಡು ದೈವದ ಕೋಣೆಯ ಕಡೆ ನಡೆದರು.

ಅಗೆಲು ಬಡಿಸಿ ಆಯಿತು. ಪ್ರಾರ್ಥನೆಯ ನಂತರ ಎಲ್ಲರೂ ಪ್ರಸಾದಕ್ಕೆ ಕೂತರು. ಲೋಕಯ್ಯ ಮೊದಲ ತುತ್ತು ಬಾಯಿಗಿಟ್ಟಾಗ ಅಡುಗೆಮನೆಯ ಬಾಗಿಲಲ್ಲಿ ತಾಯಿ ಮಗಳು ಇಬ್ಬರೂ ಅವರ ಮುಖವನ್ನೇ ನೋಡುತ್ತಾ ನಿಂತಿದ್ದರು.

“ಹದ ಆಗಿದೆ,” ಎಂದರು ಅವರು. “ಇನ್ನೊಂದು ಸೌಟು ಹಾಕು.”

ಸುಪ್ರೀತಾ ಎಲೆಯಲ್ಲಿದ್ದುದನ್ನೆಲ್ಲ ಉಂಡಳು. ಅವಳೂ ತನ್ನ ಮನೆಯಲ್ಲಿ ಎಲ್ಲರ ಪರವಾಗಿ ನೆನಪಿಡುವವಳೇ. ಕೈತೊಳೆದು ಬಂದು ಹಗ್ಗದ ಕೆಳಗೆ ನಿಂತು, “ಈ ಕ್ಲಿಪ್ಪು ಎಲ್ಲಿ ಸಿಗ್ತದೆ?” ಎಂದು ಮೆಲ್ಲಗೆ ಕೇಳಿದಳು.

“ಮುಂದಿನ ವರ್ಷವೂ ಇಲ್ಲಿಯೇ. ಭವ್ಯಳೇ ಮಾಡ್ಲಿ,” ಎಂದು ಮುದ್ದು ತೀರ್ಪು ಕೊಟ್ಟರು.

“ಇಲ್ಲಿಯೇ ಆಗ್ಲಿ ಅತ್ತೆ. ಆದ್ರೆ ನಾನೊಬ್ಬಳೇ ಅಲ್ಲ,” ಎಂದಳು ಭವ್ಯಶ್ರೀ. “ಕೋಳಿ ಇವರು ಮಾಡ್ಲಿ. ನೆನಪಿಡ್ಲಿಕ್ಕೆ ಎಂತ ಉಂಟು, ಎಲ್ಲ ಎದುರಿಗೇ ಇರ್ತದಲ್ಲ.”

ಮುಖೇಶ್ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಆಮೇಲೆ ಎದ್ದು, ಮಗುಚಿದ ಗೆರಟೆಗಳನ್ನು ಒಂದೊಂದಾಗಿ ಎತ್ತಿಡತೊಡಗಿದ.

ಹೊರಡುವ ಮೊದಲು ನೆಂಟರ ಹೆಂಗಸೊಬ್ಬರು ಪ್ರಾಪ್ತಿಯ ಗಲ್ಲ ಹಿಡಿದು, “ನೀನು ಯಾರ ಹಾಗೆ ಮಗಾ? ಅಪ್ಪನ ಹಾಗಾ?” ಎಂದು ಕೇಳಿದರು.

ಹುಡುಗಿ ತಲೆ ಎತ್ತಿಯೇ ಹೇಳಿದಳು. “ಅಲ್ಲ. ಅಮ್ಮನ ಹಾಗೆ.”