ಬಿಸಿಲು ಬೀಳದ ಮೂಲೆಗೆ ಕಮಲಕ್ಕ ಹುಡುಕಿದ ಗಿಡಗಳು

ಹರಿಹರದ ಹೆರಿಗೆ ಆಸ್ಪತ್ರೆಗೆ ಕಮಲಕ್ಕ ನರ್ಸಾಗಿ ಬಂದದ್ದು ಐವತ್ತೆಂಟರ ಮಳೆಗಾಲದಲ್ಲಿ. ಮದುವೆಯಾದ ಮರುವರ್ಷವೇ ಗಂಡ ತೀರಿಕೊಂಡಿದ್ದ. ದಾವಣಗೆರೆಯ ತವರಿನವರು ಬೇಡವೆಂದರೂ ಹಟ ಹಿಡಿದು ನರ್ಸಿಂಗ್ ಕಲಿತವಳು. ಹಿಡಿದ ಕೆಲಸ ಅರ್ಧಕ್ಕೆ ಬಿಡುವ ಜಾಯಮಾನ ಅವಳದಲ್ಲ.

ವಾರ್ಡಿನ ಕೊನೆಯ ಕಿಟಕಿಯಾಚೆ, ಕೈತೋಟದ ಅಂಚಿನಲ್ಲಿ ಒಂದು ಮೂಲೆಯಿತ್ತು. ಪಕ್ಕಕ್ಕೆ ಎತ್ತರದ ಕಾಂಪೌಂಡು, ಮೇಲೆ ಹುಣಸೆಮರ. ಪಾಚಿಗಟ್ಟಿದ ಗೋಡೆ ಬಿಟ್ಟರೆ ಕಣ್ಣಿಗೆ ಬೀಳುವಂಥದ್ದೇನೂ ಇರಲಿಲ್ಲ. ಕಿಟಕಿ ಬಳಿಯ ಮಂಚದವರು ದಿನವಿಡೀ ಅದನ್ನೇ ನೋಡುತ್ತ ಮಲಗಬೇಕಲ್ಲ ಎಂದುಕೊಂಡ ಕಮಲಕ್ಕ ಅಲ್ಲಿ ಗುಲಾಬಿ ನೆಟ್ಟಳು, ಚೆಂಡುಹೂ ನೆಟ್ಟಳು. ಬೆಳಕು ಹುಡುಕಿಕೊಂಡು ಸಣಕಲಾಗಿ ಉದ್ದಕ್ಕೆ ಬೆಳೆದವು; ಮೊಗ್ಗು ಕಾಣುವ ಮೊದಲೇ ಒರಗಿದವು.

"ಅಲ್ಲಿ ಬಿಸ್ಲೇ ಬೀಳಲ್ಲ ಅಕ್ಕಾರೆ. ಯಾಕ ಸುಮ್ನೆ ಮೈ ದಣಿಸ್ಕಂತೀರಿ?" ಎಂದ ಕಾವಲುಗಾರ ಭರಮಣ್ಣ.

ಒಂದು ಅಮಾವಾಸ್ಯೆ ಉಕ್ಕಡಗಾತ್ರಿಗೆ ದೇವರ ದರ್ಶನಕ್ಕೆ ಹೋಗಿದ್ದಾಗ, ಹೊಳೆದಂಡೆಯ ಮರಗಳ ಕೆಳಗೆ ಕೆಸುವಿನೆಲೆ ಆನೆಕಿವಿಯಂತೆ ಹರಡಿದ್ದನ್ನು ಕಂಡು ಕಮಲಕ್ಕ ನಿಂತುಬಿಟ್ಟಳು. ನೆರಳನ್ನೇ ಒಪ್ಪುವ ಗಿಡಗಳೂ ಇವೆಯಲ್ಲ, ಅವನ್ನೇ ಹುಡುಕಬೇಕು ಎಂದುಕೊಂಡಳು.

ಅಂದಿನಿಂದ ಹೆರಿಗೆಗೆ ಬಂದವರ ನಾಡಿ ಹಿಡಿಯುತ್ತಲೇ ಒಂದು ಪ್ರಶ್ನೆ: "ನಿಮ್ಮ ಹಿತ್ತಲಾಗೆ ನೆಳ್ಳಾಗೆ ಏನು ಚಲೋ ಬರ್ತೈತವ್ವಾ?" ನೋವು ತಿನ್ನುತ್ತಿದ್ದವರೂ ಅರೆಗಳಿಗೆ ಮರೆತು ಉತ್ತರ ಕೊಡುತ್ತಿದ್ದರು. ಮಲೆಬೆನ್ನೂರಿನವರು ಅರಿಶಿನದ ಗಡ್ಡೆ ತಂದರು. ಬಾತಿಯ ಓಬವ್ವ ಮೊಮ್ಮಗಳನ್ನು ನೋಡಲು ಬರುವಾಗ ಕನಕಾಂಬರದ ಸಸಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಳು. "ಇದಕ್ಕೆ ಸುಡೋ ಬಿಸ್ಲು ಬ್ಯಾಡವ್ವ, ಒಂದೀಟು ಬೆಳಕಿದ್ರೆ ಸಾಕು." ಅರಿಶಿನ ಗೋಡೆಯ ಬುಡಕ್ಕೆ ಹೋಯಿತು. ಬಚ್ಚಲ ನೀರು ಹರಿಯುವಲ್ಲಿ ಕೆಸು. ಮುಂದೆ, ಕೊಂಬೆಗಳ ಸಂದಿಯಿಂದ ಬೆಳಕು ಬೀಳುವಲ್ಲಿ ಕನಕಾಂಬರ. ಉಳಿದ ಜಾಗವನ್ನು ಒಂದೆಲಗ ತಾನೇ ಹಬ್ಬಿ ತುಂಬಿತು. ಮುಂದಿನ ವರ್ಷದ ಹೊತ್ತಿಗೆ ಗೋಡೆಯ ಬುಡವೇ ಕಾಣುತ್ತಿರಲಿಲ್ಲ.

ಆಗಲೇ ಮೈಲಮ್ಮ ಬಂದದ್ದು. ಹೊಳೆಯಾಚೆಯ ಹಳ್ಳಿಯವಳು, ಗಾಡಿಯಲ್ಲಿ ಬರುವ ದಾರಿಯಲ್ಲೇ ಚೊಚ್ಚಲ ಕೂಸನ್ನು ಕಳೆದುಕೊಂಡಿದ್ದಳು. ಅಳಲಿಲ್ಲ, ಗಂಜಿ ಮುಟ್ಟಲಿಲ್ಲ, ಅತ್ತೆ ಕರೆದರೂ ಓಗೊಡಲಿಲ್ಲ. ಕಮಲಕ್ಕ ಸಮಾಧಾನ ಹೇಳಲು ಹೋಗದೆ ಅವಳನ್ನು ಕಿಟಕಿ ಬಳಿಯ ಮಂಚಕ್ಕೆ ಬದಲಾಯಿಸಿ, ಬಿಡುವಾದಾಗಲೆಲ್ಲ ಪಕ್ಕದಲ್ಲಿ ಕೂತಳು.

ಒಂದು ಬೆಳಿಗ್ಗೆ ಕಮಲಕ್ಕ ಹೊರಗೆ ಕಳೆ ಕೀಳುತ್ತಿದ್ದಾಗ ಕಿಟಕಿಯಿಂದ ಕ್ಷೀಣ ದನಿ ಕೇಳಿತು. "ಅಕ್ಕಾರೆ, ಆ ಕನಕಾಂಬ್ರದ ಒಣಗಿದ ತೆನಿ ಚಿವುಟ್ರಿ. ಇಲ್ಲಾಂದ್ರೆ ಹೂ ಕಮ್ಮಿಯಾಗ್ತೈತೆ."

ಕಮಲಕ್ಕ ಕಿಟಕಿಯತ್ತ ತಿರುಗಿದಳು. "ಹೆಂಗೆ ಚಿವುಟೋದು ಬಂದು ತೋರ್ಸು, ಬಾರವ್ವ" ಎಂದಳು.

ಒಳಹೋಗಿ ಅವಳ ತೋಳು ಹಿಡಿದು ನಡೆಸಿಕೊಂಡು ಬಂದಳು. ಮೈಲಮ್ಮ ಗಿಡದ ಮುಂದೆ ಕೂತು ಎರಡು ತೆನೆ ಚಿವುಟಿದಳು. ಮೂರನೆಯದನ್ನು ಹಿಡಿದವಳೇ ಹೋ ಎಂದು ಅತ್ತಳು. ಕಮಲಕ್ಕ ಮಣ್ಣುಗೈಯಲ್ಲೇ ಅವಳನ್ನು ತಬ್ಬಿಕೊಂಡಳು. ಆ ಮಧ್ಯಾಹ್ನ ಮೈಲಮ್ಮ ಗಂಜಿ ಕುಡಿದಳು.

ಊರಿಗೆ ಮರಳಿದ ಮೇಲೂ ಸಂತೆಗೆ ಬಂದಾಗಲೆಲ್ಲ ಅವಳು ಆಸ್ಪತ್ರೆಗೆ ಬಂದು ಆ ಮೂಲೆಯ ಕಳೆ ತೆಗೆದು ಹೋಗುತ್ತಿದ್ದಳು. ಕಮಲಕ್ಕನಿಗೆ ದಾವಣಗೆರೆಗೆ ವರ್ಗವಾದಾಗ, "ನೀವೇನೂ ಚಿಂತಿ ಮಾಡಬ್ಯಾಡ್ರಿ, ನಾನಿದ್ದೀನಿ" ಎಂದಳು. ಮಾತಿನಂತೆ ನಡೆದುಕೊಂಡಳು ಕೂಡ.