ಜಂಬಕ್ಕನ ನಿರ್ಜಲ ವ್ರತ

ಹಂಪಿ ಪಕ್ಕದ ಕಡ್ಡಿರಾಂಪುರದ ಜಂಬಕ್ಕ ಸಂತೆ ದಿನ ಹನಿ ನೀರು ಮುಟ್ಟುವುದಿಲ್ಲ ಎಂಬ ಸಂಗತಿ ಸಂಡೂರಿಗೂ ಗೊತ್ತಿತ್ತು, ಕಂಪ್ಲಿಗೂ ಗೊತ್ತಿತ್ತು. ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಸೌತೆಕಾಯಿ ಮಾರುವವರು ಕೂಡ ಅವಳ ಮುಂದೆ ಬುಟ್ಟಿ ಹಿಡಿಯದೆ ದಾಟಿಹೋಗುತ್ತಿದ್ದರು. ಹುಲಿಗೆಮ್ಮನ ಹೆಸರಿನಲ್ಲಿ ನಿರ್ಜಲ ವ್ರತ ಹಿಡಿದ ಹೆಣ್ಣುಮಗಳು, ಅವಳ ಕೈಯಿಂದ ಬಳೆ ತೊಟ್ಟರೆ ತೊಟ್ಟವಳ ಮನೆ ತುಂಬುತ್ತದೆ ಎಂದು ಜನ ನಂಬಿದ್ದರು. ಮದುವೆ ಗೊತ್ತಾದ ಮನೆಯವರು ಸಾಲಾಗಿ ಕೂತ ಬೇರೆ ಬಳೆಗಾರರನ್ನೆಲ್ಲ ದಾಟಿಕೊಂಡು ಬಂದು ಅವಳ ಪೆಟ್ಟಿಗೆಯ ಮುಂದೆಯೇ ಕೂರುತ್ತಿದ್ದರು.

ನಿಜ ಹೇಳಬೇಕೆಂದರೆ ಅಂಥದ್ದೊಂದು ವ್ರತವೇ ಇರಲಿಲ್ಲ.

ಜಂಬಕ್ಕ ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆ ದುರ್ಗಕ್ಕ ಬಳೆ ಪೆಟ್ಟಿಗೆಯ ಜೊತೆಗೆ ಒಂದು ಮಾತನ್ನೂ ಕೊಟ್ಟಿದ್ದಳು. "ಸಂತಿಗೆ ಹೋಗೂ ಹೆಣ್ಣು ಮುಂಜಾನೆ ಎದ್ದಕೂಡ್ಲೆ ಗಂಟಲು ಕಟ್ಟಬೇಕು ನೋಡವ್ವ. ನೀರು ಕುಡದ್ರ ಹೋಗೂದೆಲ್ಲಿ?" ಎಲ್ಲಿ ಎಂಬುದಕ್ಕೆ ಅತ್ತೆಗೂ ಉತ್ತರ ಗೊತ್ತಿರಲಿಲ್ಲ. ಪಕ್ಕದಲ್ಲಿ ಬೆಲ್ಲ ಮಾರುವವನು, ಎದುರಿಗೆ ಹಗ್ಗ ಮಾರುವವನು ಎದ್ದು ಹೋಗಿ ಬರುತ್ತಿದ್ದರು. ಗಂಡಸರಿಗೆ ಊರೆಲ್ಲ ಗೋಡೆಯೇ. ಹೆಂಗಸರು ಮಾತ್ರ ಬೆಳಗಿನ ಬಸ್ಸಿನಿಂದ ಸಂಜೆಯ ಬಸ್ಸಿನವರೆಗೆ ನಾಲಗೆ ಒಣಗಿಸಿಕೊಂಡು ಕೂರಬೇಕು.

ಒಮ್ಮೆ ಸಂಡೂರಿನಲ್ಲಿ ಒಬ್ಬ ಗಿರಾಕಿ, ಪುಣ್ಯಾತ್ಗಿತ್ತಿ, ಬಿಸಿಲು ನೋಡಲಾರದೆ ಮನೆಯಿಂದ ಮಜ್ಜಿಗೆ ತಂದುಕೊಟ್ಟಳು. ಬೇಡ ಎಂದರೆ ಕೇಳಲೊಲ್ಲಳು. ಜಂಬಕ್ಕನ ಬಾಯಿಂದ ಥಟ್ಟನೆ "ಇವತ್ತು ನಂದು ವ್ರತ ಐತ್ರಿ" ಎಂಬ ಮಾತು ಬಂದುಬಿಟ್ಟಿತು. ಯಾವ ವ್ರತ ಎಂದು ಕೇಳಿದ್ದಕ್ಕೆ ಹುಲಿಗೆಮ್ಮನ ಹೆಸರು ಬಂತು. ಆ ಹೆಂಗಸು ಮಜ್ಜಿಗೆಯ ಚೊಂಬು ಕೆಳಗಿಟ್ಟು ಕೈಮುಗಿದಳು. ಅಷ್ಟೇ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಮುಂದಿನ ಸಂತೆಗೆಲ್ಲ ಜಂಬಕ್ಕ ವ್ರತದ ಬಳೆಗಾರ್ತಿಯಾಗಿ ಕೂತಿದ್ದಳು.

ವ್ಯಾಪಾರ ಚೆನ್ನಾಯಿತು, ಮೈ ಕೆಟ್ಟಿತು. ಈ ಬೇಸಿಗೆಯಲ್ಲಿ ಉರಿಮೂತ್ರವಾಗಿ, ಚಳಿಜ್ವರ ಬಂದು, ಬೆನ್ನು ಹಿಡಿದುಕೊಂಡು ಹೊಸಪೇಟೆಯ ಡಾಕ್ಟರಮ್ಮನ ಹತ್ತಿರ ಹೋದಳು. ಹೋದ ವರ್ಷವೂ ಇದೇ ಕಾಯಿಲೆಗೆ ಹೋಗಿದ್ದಳು. ಡಾಕ್ಟರ್ ಶ್ರೀಲಕ್ಷ್ಮೀ ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದರು. ಜಂಬಕ್ಕ ರೂಢಿಯಂತೆ ಅಲ್ಲೂ ವ್ರತದ ಹೆಸರು ತೆಗೆದಳು.

"ಯಾವ ದೇವ್ರು ಕೇಳ್ತಾಳ್ರಿ ನಿಮ್ಮ ಕಿಡ್ನಿ?" ಎಂದರು ಡಾಕ್ಟರಮ್ಮ. "ನೀರು ಕುಡೀರಿ, ಇಲ್ಲಾ ಸಂತಿ ಬಿಡ್ರಿ. ಎರಡ್ರಾಗ ಒಂದು. ಮತ್ತ ಹಿಂಗ ಬಂದ್ರ ನಾನು ಗುಳಿಗಿ ಬರಿಯಂಗಿಲ್ಲ, ದೊಡ್ಡ ಆಸ್ಪತ್ರಿಗೆ ಚೀಟಿ ಬರೀತೀನಿ."

ಸಂತೆ ಬಿಡುವುದೇ? ಆ ರಾತ್ರಿ ಜಂಬಕ್ಕನಿಗೆ ನಿಜಕ್ಕೂ ಅಳು ಬಂತು. ಗಂಡ ಗುಡ್ಡಪ್ಪನ ಕಬ್ಬಿನ ಗದ್ದೆಯಿಂದ ಮನೆ ನಡೆಯುತ್ತಿತ್ತು, ಉಪವಾಸ ಬೀಳುವ ಹೆದರಿಕೆ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಆ ಕೈಗಳು. ಬಳೆ ಏರಿಸಲು ಕೈ ಹಿಡಿದಳೆಂದರೆ ಅವಳ ಪ್ರಶ್ನೆ ಶುರು: ಈ ಬರೆ ಏನಿದು, ಯಾವೂರಿಗೆ ಕೊಟ್ಟಾರ, ಅತ್ತಿ ಮಾತಾಡ್ತಾಳೋ ಇಲ್ಲೋ. ಕೈ ಸಿಕ್ಕವರು ಎದ್ದು ಹೋಗುವಂತಿಲ್ಲವಲ್ಲ, ಎಲ್ಲ ಹೇಳುತ್ತಿದ್ದರು. ಸಂತೆ ಬಿಟ್ಟರೆ ಇನ್ನು ಕೇಳುವುದು ಯಾರನ್ನು, ಗುಡ್ಡಪ್ಪನನ್ನೇ? ಅವನು "ಹ್ಞೂಂ" ಅನ್ನುವುದಕ್ಕೇ ಅರ್ಧ ದಿನ ತೆಗೆದುಕೊಳ್ಳುವ ಆಸಾಮಿ.

ಮಗಳು ಸ್ನೇಹಾ ಊರಿನಲ್ಲೇ ಒಂದು ಹೋಂಸ್ಟೇಯಲ್ಲಿ ಕೆಲಸಕ್ಕಿದ್ದಳು. ಅವ್ವನ ಮುಖ ನೋಡಿ ವಿಷಯ ಹೊರಡಿಸಿಕೊಂಡು ನಕ್ಕುಬಿಟ್ಟಳು. "ಇಷ್ಟಕ್ಕ ಅಳ್ತೀ? ನಮ್ಮ ಗೆಸ್ಟ್‌ಗಳು ಹಂಪಿ ನೋಡಾಕ ಹೋಗೂಕಿಂತ ಮೊದ್ಲು ಫೋನ್‌ನ್ಯಾಗ ಇದನ್ನ ನೋಡ್ತಾರ." ಅವ್ವನ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿ, ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ, ತೋರಿಸಿದಳು. ನಕಾಶೆಯ ಮೇಲೆ ನೀಲಿ ಚುಕ್ಕೆ ಎಂದರೆ ನೀನು, ಹಸಿರು ಚುಕ್ಕೆ ಎಂದರೆ ಹೆಂಗಸರು ಹೋಗಬಹುದಾದ ಶೌಚಾಲಯ. ಹಸಿರು ಚುಕ್ಕೆ ಒತ್ತಿದರೆ ಅಲ್ಲಿಗೆ ಹೋಗಿಬಂದವರು ಬರೆದದ್ದು ಕಾಣುತ್ತದೆ, ಅದರ ಕೆಳಗಿನ ‘ದಾರಿ’ ಒತ್ತಿದರೆ ಹೋಗುವ ದಾರಿಯನ್ನೂ ಹೇಳುತ್ತದೆ. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿದರೂ ಸಾಕು, ಅದೇ ಬರೆದುಕೊಳ್ಳುತ್ತದೆ.

ಜಂಬಕ್ಕನಿಗೆ ಮೊದಲು ಶೌಚಾಲಯಕ್ಕಿಂತ ಆ ಚುಕ್ಕೆಯ ಮೇಲೆಯೇ ಕುತೂಹಲ ಹುಟ್ಟಿತು. ಅಡುಗೆಮನೆಯಿಂದ ಹಿತ್ತಲಿಗೆ ನಡೆದು ನೋಡಿದಳು. ನೀಲಿ ಚುಕ್ಕೆಯೂ ಕದಲಿತು. ಇದಕ್ಕೆ ನಾನು ಎಲ್ಲಿದ್ದೇನೆಂದು ಹೇಳುವವರಾರು? ಬಚ್ಚಲಿಗೆ ಹೋದರೂ ಬೆನ್ನು ಹತ್ತಿ ಬರುವ ಸಾಮಾನಲ್ಲವೇ ಇದು ಎಂದು ಸ್ವಲ್ಪ ನಾಚಿಕೆಯೂ ಆಯಿತು.

ಮರುದಿನ ಬಳೆ ಪೆಟ್ಟಿಗೆ ಮನೆಯಲ್ಲೇ ಬಿಟ್ಟು, ಪರೀಕ್ಷೆ ಮಾಡಲೆಂದೇ ಹಂಪಿಗೆ ಹೋದಳು. ಬಜಾರಿನ ಕಲ್ಲುಮಂಟಪಗಳ ಸಾಲಿನಲ್ಲಿ ಮೊಬೈಲ್ ಹಿಡಿದು ನಡೆಯುವಾಗ ಪರಿಚಯದ ಬಾಳೆಹಣ್ಣಿನವಳು, "ಏನ್ ಜಂಬಕ್ಕ, ನಿನ್ನೂರ ದಾರಿ ನಿನಗ ಮರ್ತೋತೇನು?" ಎಂದು ಕಿಚಾಯಿಸಿದಳು. ಜಂಬಕ್ಕ ಲೆಕ್ಕಿಸಲಿಲ್ಲ. ಹಸಿರು ಚುಕ್ಕೆ ಇದ್ದಲ್ಲಿ ನಿಜವಾಗಿಯೂ ಶೌಚಾಲಯವಿತ್ತು. ಒಳಗೆ ಹೋಗುವ ಮೊದಲು ಅಲ್ಲಿ ಬರೆದದ್ದನ್ನು ಅಕ್ಷರ ಕೂಡಿಸಿ ಓದಿದಳು. ‘ನೀರು ಇದೆ. ಬಲಗಡೆಯ ಬಾಗಿಲಿಗೆ ಚಿಲಕ ಸರಿಯಿಲ್ಲ, ಎಡಗಡೆಯದಕ್ಕೆ ಹೋಗಿ.’ ಬರೆದವಳು ಯಾರೋ, ಯಾವೂರಿನವಳೋ. ಜಂಬಕ್ಕ ಬಲಗಡೆಯ ಬಾಗಿಲನ್ನು ನೂಕಿ ನೋಡಿದಳು. ಚಿಲಕ ಸಡಿಲವಾಗಿ ತೂಗಾಡುತ್ತಿತ್ತು.

ಅವಳು ಆ ಬರಹವನ್ನು ಇನ್ನೊಮ್ಮೆ ಓದಿದಳು. ಗುರುತು ಪರಿಚಯವಿಲ್ಲದ ಒಬ್ಬ ಹೆಂಗಸು, ತನ್ನ ಕೆಲಸ ಮುಗಿದ ಮೇಲೂ ಬಿಸಿಲಲ್ಲಿ ನಿಂತು, ನನ್ನ ಹಿಂದೆ ಬರುವವಳು ಪೇಚಿಗೆ ಸಿಕ್ಕಬಾರದು ಎಂದು ಇಷ್ಟು ಹೇಳಿಹೋಗಿದ್ದಾಳೆ. ಇಷ್ಟು ವರ್ಷದ ಸಂತೆಯಲ್ಲಿ ಪಕ್ಕದಲ್ಲಿ ಕೂತವರಿಗೂ ಅವಳು ಇಷ್ಟು ಮಾತು ಹೇಳಿರಲಿಲ್ಲ, ಅವರೂ ಅವಳಿಗೆ ಹೇಳಿರಲಿಲ್ಲ.

ಅಲ್ಲಿಂದ ಮುಂದೆ ಜಂಬಕ್ಕ ಎರಡು ದೋಣಿಯಲ್ಲಿ ಕಾಲಿಟ್ಟಳು. ಸಂಡೂರಿನ ಸಂತೆಯಲ್ಲಿ "ಮೊಬೈಲಿಗೆ ಕರೆನ್ಸಿ ಹಾಕಿಸಿ ಬರ್ತೀನಿ" ಎಂದು ಎದ್ದು, ಚುಕ್ಕೆ ಹಿಡಿದು ಒಂದು ಪೆಟ್ರೋಲ್ ಬಂಕಿನ ಹಿಂದಕ್ಕೆ ಹೋಗಿ, ಸೆರಗಿನೊಳಗಿಂದ ಬಾಟಲಿ ತೆಗೆದು ಗಟಗಟ ನೀರು ಕುಡಿದು, ಹೋಗುವಲ್ಲಿಗೆ ಹೋಗಿ, ಬಾಯಿ ಒರೆಸಿಕೊಂಡು ಬಂದು ಮತ್ತೆ ವ್ರತಸ್ಥಳಾಗಿ ಕೂರುವಳು. ಕಳ್ಳಭಟ್ಟಿ ಕುಡಿಯುವವರೂ ಇಷ್ಟು ಕದ್ದು ಕುಡಿಯುವುದಿಲ್ಲ. ಆದರೂ ಜ್ವರ ಮರಳಲಿಲ್ಲ, ಗಿರಾಕಿಗಳೂ ಕಡಿಮೆಯಾಗಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಒಳಗೊಳಗೇ ಹಿಗ್ಗಿದಳು.

ಕಂಪ್ಲಿಯದೊಂದೇ ಬಾಕಿ ಇತ್ತು. ಆ್ಯಪ್‌ನಲ್ಲಿ ಅಲ್ಲಿನ ಸಂತೆಯ ಹತ್ತಿರ ಒಂದು ಹಸಿರು ಚುಕ್ಕೆ ಇತ್ತು, ಆದರೆ ಅದರ ಕೆಳಗೆ ಒಬ್ಬರೂ ಒಂದಕ್ಷರ ಹೇಳಿರಲಿಲ್ಲ. ನೀರುಂಟೋ, ಬೀಗವುಂಟೋ, ಚಿಲಕವುಂಟೋ? ಬಸ್ಸಿನ ದಾರಿಯುದ್ದಕ್ಕೂ ಅವಳಿಗೆ ಅದೇ ಕುತೂಹಲ. ಬಸ್ಸಿನ ಗದ್ದಲದಲ್ಲಿ ಮಗಳ ಫೋನು ಕೇಳಿಸಲಿಲ್ಲವೆಂದು ಮೊಬೈಲಿನ ಸದ್ದನ್ನು ಪೂರ್ತಿ ಏರಿಸಿಕೊಂಡಳು. ಡಾಕ್ಟರಮ್ಮ ಹೇಳಿದಂತೆ ಮನೆಯಿಂದಲೇ ಹೊಟ್ಟೆತುಂಬ ನೀರು ಕುಡಿದು ಬಂದಿದ್ದಳು.

ಪೆಟ್ಟಿಗೆ ತೆರೆಯುವಷ್ಟರಲ್ಲಿ ಮದುವೆ ಮನೆಯವರು ಬಂದೇಬಿಟ್ಟರು. ಮುಂದೆ ಉಚ್ಚೆಂಗಮ್ಮ, ಹತ್ತಾರು ವರ್ಷಗಳ ಗಿರಾಕಿ, ಜೋರಿನ ಮುದುಕಿ. ಜೊತೆಗೆ ಅವಳ ಮೊಮ್ಮಗಳು, ಮದುಮಗಳು ಗಂಗಾ. ಹಿಂದೆ ನಾಲ್ಕಾರು ಹೆಂಗಸರು.

"ಕುಂದ್ರಲೇ ಗಂಗಿ, ಕೈ ಕೊಡು" ಎಂದಳು ಉಚ್ಚೆಂಗಮ್ಮ. "ವ್ರತದ ಕೈಯಿ ಅದು."

ಜಂಬಕ್ಕ ಬಳೆ ಏರಿಸತೊಡಗಿದಳು. ಬಾಯಿಗೆ ಪ್ರಶ್ನೆಗಳೇ ಬರಲಿಲ್ಲ. ಕುಡಿದ ನೀರು ತನ್ನ ಬಾಕಿ ಕೇಳುತ್ತಿತ್ತು. ದಾರಿಯನ್ನಾದರೂ ಒಮ್ಮೆ ನೋಡಿಟ್ಟುಕೊಂಡರೆ ಬಳೆ ಮುಗಿದಕೂಡಲೇ ಓಡಬಹುದೆಂದು, ಸೆರಗಿನ ಮರೆಯಲ್ಲಿ ಎಡಗೈಯಿಂದ ಹಸಿರು ಚುಕ್ಕೆಯನ್ನೂ ಅದರ ಕೆಳಗಿನ ‘ದಾರಿ’ಯನ್ನೂ ಒತ್ತಿದಳು.

"ನೂರು ಮೀಟರ್ ನಂತರ ಎಡಕ್ಕೆ ತಿರುಗಿ," ಎಂದು ಮೊಬೈಲು ಇಡೀ ಸಂತೆಗೆ ಕೇಳುವಂತೆ ಸಾರಿತು. "ಮಹಿಳೆಯರ ಶೌಚಾಲಯ ನಿಮ್ಮ ಎಡಬದಿಯಲ್ಲಿದೆ."

ಬೆಲ್ಲದವನು ತಕ್ಕಡಿ ಹಿಡಿದಂತೆಯೇ ತಿರುಗಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರಿಗದು?" ಎಂದಳು ಉಚ್ಚೆಂಗಮ್ಮ.

ಸುಳ್ಳು ಜಂಬಕ್ಕನ ನಾಲಗೆಯ ತುದಿಯಲ್ಲಿ ಸಿದ್ಧವಾಗಿ ನಿಂತಿತ್ತು. ಮಗಳು ಏನೋ ಹಾಕಿಕೊಟ್ಟಾಳ, ತಾನಾಗೇ ಒದರತೈತಿ ಎಂದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಗಂಗಾಳ ಮುಖ ಕಣ್ಣಿಗೆ ಬಿತ್ತು. ಹುಡುಗಿಯ ತುಟಿ ಒಣಗಿ ಬಿರಿದಿತ್ತು. ಹಿಡಿದ ಕೈ ಬೆಂಕಿಯಂತೆ ಬಿಸಿಯಾಗಿತ್ತು. ಬಳೆ ಅರ್ಧ ಏರಿ ಗಿಣ್ಣಿನ ಮೇಲೆ ನಿಂತಿತ್ತು.

"ಯವ್ವಾ, ಮುಂಜಾನಿಂದ ನೀರು ಕುಡದೀಯಿಲ್ಲೋ?" ಎಂದು ಕೇಳಿದಳು ಜಂಬಕ್ಕ.

ಗಂಗಾ ತಲೆ ಅಲ್ಲಾಡಿಸಿದಳು. "ಸಂತಿಗೆ ಹೊಂಟೀವಿ, ಕುಡೀಬ್ಯಾಡ ಅಂದ್ಲು ಅಜ್ಜಿ. ಜಂಬಕ್ಕನ್ನ ನೋಡಿ ಕಲಿ ಅಂದ್ಲು."

ತನ್ನ ಸುಳ್ಳು ತನ್ನ ಮೈಯನ್ನಷ್ಟೇ ತಿನ್ನುತ್ತಿದೆ ಎಂದುಕೊಂಡಿದ್ದಳು ಜಂಬಕ್ಕ. ಅದು ಕಂಡವರ ಮನೆಯ ಹುಡುಗಿಯ ಗಂಟಲಿಗೂ ಇಳಿದಿತ್ತು.

"ಉಚ್ಚೆಂಗಮ್ಮ, ನಂದು ಯಾವ ವ್ರತಾನೂ ಇಲ್ಲ," ಎಂದಳು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು, ಎಲ್ಲವನ್ನೂ ಹೇಳಿದಳು. "ಹೋಗಾಕ ಜಾಗ ಇದ್ದಿಲ್ಲ. ಅದಕ್ಕ ಕುಡೀತಿದ್ದಿಲ್ಲ. ಹೇಳಾಕ ನಾಚ್ಕಿ ಬಂತು, ಹುಲಿಗೆಮ್ಮನ ಹೆಸರು ಹೇಳ್ದೆ. ನಿಮ್ಮ ಹುಡುಗಿಗೆ ಬ್ಯಾರೆ ಕಡಿ ಬಳಿ ಇಡಸ್ರಿ, ನಾ ಏನೂ ಅನ್ನಂಗಿಲ್ಲ."

ಉಚ್ಚೆಂಗಮ್ಮನ ಮೂಗಿನ ಹೊಳ್ಳೆ ಅರಳಿತು. "ತಾಯಿ ಹೆಸರ ಮ್ಯಾಲ ಸುಳ್ಳು! ಇಷ್ಟು ವರ್ಷ!" ಎಂದಳು. ಎದ್ದು ನಿಂತು ಸೀರೆಯ ನೆರಿಗೆ ಕೊಡವಿದಳು. ಪಕ್ಕದ ಬಳೆಗಾರ ಆಗಲೇ ತನ್ನ ಚಾಪೆಯನ್ನು ಝಾಡಿಸಿ ಹಾಸುತ್ತಿದ್ದ. ಜಂಬಕ್ಕ ಹುಡುಗಿಯ ಕೈಯಿಂದ ಬಳೆಯನ್ನು ಮೆಲ್ಲಗೆ ಹಿಂದಕ್ಕೆ ಜಾರಿಸಿದಳು.

"ಏಳು, ಎಲ್ಲೈತಿ ತೋರ್ಸು," ಎಂದಳು ಉಚ್ಚೆಂಗಮ್ಮ.

"ಏನು?"

"ಅದ, ಎಡಕ್ಕ ತಿರುಗು ಅಂತಲ್ಲ, ಅದು. ಬಸ್ಸು ಇಳದಾಗಿಂದ ತಡಕೊಂಡೀನಿ ನಾನು." ಮುದುಕಿಯ ದನಿ ಒಂದಿಷ್ಟು ಇಳಿಯಿತು. "ಗದ್ದ್ಯಾಗ ನಾಟಿ ಹಚ್ಚುವಾಗ ಯಾರಾರ ನೀರು ಕೊಟ್ರ ಹಲ್ಲು ಜುಮ್ ಅಂತಾವು, ಒಲ್ಲೆ ಅಂತಿದ್ದೆ. ನನ್ನ ಹಲ್ಲು ಕಲ್ಲು ಇದ್ದಂಗ ಅದಾವು. ನೀನು ದೇವ್ರ ಹೆಸರು ಹೇಳ್ದಿ, ನಾನು ಹಲ್ಲಿನ ಹೆಸರು ಹೇಳ್ದೆ."

ಹಿಂದಿದ್ದ ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ನಕ್ಕವಳು ತಾನೂ ಬರುತ್ತೇನೆಂದಳು. ಪೆಟ್ಟಿಗೆಯನ್ನು ಬೆಲ್ಲದವನ ವಶಕ್ಕೆ ಕೊಟ್ಟು ಎಲ್ಲರೂ ಹೊರಟರು. ಮುಂದೆ ಮೊಬೈಲು ದಾರಿ ಹೇಳುತ್ತ, ಹಿಂದೆ ಮದುಮಗಳ ಸಮೇತ ಹೆಂಗಸರ ದಂಡು. ಸದ್ದು ಕಡಿಮೆ ಮಾಡುವ ಗೊಡವೆಗೆ ಜಂಬಕ್ಕ ಹೋಗಲಿಲ್ಲ.

ಎಡಕ್ಕೆ ತಿರುಗಿದರೆ ನಿಜಕ್ಕೂ ಇತ್ತು, ಬೇವಿನ ಮರದ ಕೆಳಗೆ, ಬಿಳಿ ಸುಣ್ಣ ಬಳಿದದ್ದು. ಬೀಗವಿರಲಿಲ್ಲ. ನಲ್ಲಿ ತಿರುಗಿಸಿದರೆ ನೀರು ಬಂತು. ಚಿಲಕ ಮಾತ್ರ ಇರಲಿಲ್ಲ. ಅದಿದ್ದ ಜಾಗದಲ್ಲಿ ಎರಡು ತೂತುಗಳಿದ್ದವು. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಉಚ್ಚೆಂಗಮ್ಮ ಒಳಗಿದ್ದಾಗ ಜಂಬಕ್ಕ ನಿಂತಳು. ಜಂಬಕ್ಕ ಹೋದಾಗ ಉಚ್ಚೆಂಗಮ್ಮ ಕೋಟೆ ಬಾಗಿಲ ಕಾವಲಿನವಳಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಹೊರಬಂದ ಜಂಬಕ್ಕ ಸೆರಗಿನಿಂದ ಬಾಟಲಿ ತೆಗೆದು ಮೊದಲು ಗಂಗಾಳ ಕೈಗೆ ಕೊಟ್ಟಳು. ಹುಡುಗಿ ಅಜ್ಜಿಯ ಮುಖ ನೋಡಿದಳು.

"ಕುಡಿ, ಕುಡಿ. ನನಗೂ ಒಂದು ಗುಟುಕು ಉಳಸು," ಎಂದಳು ಉಚ್ಚೆಂಗಮ್ಮ. ತಾನೂ ಕುಡಿದು, ಜಂಬಕ್ಕನಿಗೆ ಕೊಟ್ಟು, ಅವಳು ಕುಡಿದು ಮುಗಿಸುವವರೆಗೂ ನೋಡಿದಳು. "ಹ್ಞಾಂ. ನಿನ್ನ ವ್ರತದ ಉದ್ಯಾಪನಿ ಆತು. ತಪ್ಪಿಗೆ ಹುಲಿಗೆಮ್ಮಗ ಒಂದು ಕಾಯಿ ಒಡಸು. ಈಗ ನಡಿ, ನಮ್ಮ ಹುಡುಗಿಗೆ ಬಳಿ ಇಡು."

"ವ್ರತ ಇಲ್ದ ಕೈಲೇ?"

"ಕೈಯಿ ಅದ ಐತಲ್ಲ?"

ದಂಡು ಸಂತೆಯ ಕಡೆ ಹೊರಟಿತು. ಜಂಬಕ್ಕ ಒಂದು ಕ್ಷಣ ಹಿಂದುಳಿದಳು. ಕಂಪ್ಲಿಯ ಹಸಿರು ಚುಕ್ಕೆಯನ್ನು ಒತ್ತಿ, ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, ಕಿವುಡರ ಜೊತೆ ಮಾತಾಡುವಂತೆ ಒಂದೊಂದೇ ಮಾತು ಬಿಡಿಸಿ ಹೇಳಿದಳು:

"ನೀರು ಐತಿ. ಚಿಲಕ ಇಲ್ಲ. ಬಾಗಲಕ್ಕ ಒಬ್ಬಾಕಿ ನಿಂದ್ರಬೇಕು. ನಾನು ಜಂಬಕ್ಕ, ಬಳಿಗಾರಕಿ. ಸಂತಿ ದಿನ ಬೆಲ್ಲದವನ ಬಾಜೂಕ ಕುಂತಿರ್ತೀನಿ. ಕರೀರಿ, ಬಂದು ನಿಂದರ್ತೀನಿ."