ಜಪ್ತಿ ಮನೆಯ ಏಳನೇ ಬಾಗಿಲು

ಸಾಲಕ್ಕೆ ಜಪ್ತಿಯಾದ ಅಡಿಕೆ ವ್ಯಾಪಾರಿಯ ಮನೆ ಸಾಗರದ ನಮ್ಮ ಕೇರಿಯಲ್ಲಿ ಎರಡು ವರ್ಷ ಖಾಲಿ ಬಿದ್ದಿತ್ತು. ಮೂರು ಸಲ ಹರಾಜು ಕೂಗಿದರೂ ಕೊಳ್ಳುವವರಿಲ್ಲ. ಅಲ್ಲಿ ದೆವ್ವವಿದೆ ಎಂದು ಕೇರಿಯವರು ಹೇಳುತ್ತಿದ್ದರು. ಆ ದೆವ್ವಕ್ಕೆ ಹೆಂಚು, ಬಾಗಿಲು, ಹಂಡೆಗಳ ಮೇಲೆ ಬಹಳ ಆಸೆ.

ಕೊನೆಗೆ ಸಾಲ ಕೊಟ್ಟಿದ್ದ ನಮ್ಮ ಸಹಕಾರಿ ಸೊಸೈಟಿಯೇ ಆ ಮನೆಯನ್ನು ಐದು ಬಿಡಾರ ಮಾಡಿ, ಮನೆಯಿಲ್ಲದವರಿಗೆ ಕಡಿಮೆ ಬಾಡಿಗೆಗೆ ಕೊಡಲು ತೀರ್ಮಾನಿಸಿತು. ನಾನು ಅದರ ಗುಮಾಸ್ತ. ಕಾಣೆಯಾದದ್ದನ್ನೆಲ್ಲ ಪಟ್ಟಿ ಮಾಡಿದೆ: ಜಗಲಿಯ ಹೆಂಚು ಅಷ್ಟೂ, ತಾಮ್ರದ ಹಂಡೆ ಒಂದು, ಬಾಗಿಲು ಏಳು. ಏಳನೆಯದು ನನ್ನ ಮನೆಯಲ್ಲೇ ಇತ್ತು. ಎರಡು ಪೆಟ್ಟಿಗೆಗಳ ಮೇಲೆ ಅಡ್ಡ ಇಟ್ಟು ಮಂಚ ಮಾಡಿದ್ದೆ. ಆದರೂ ಅದನ್ನು ಬರೆದೆ. ಎಣಿಕೆಯಲ್ಲಿ ನಾನು ತಪ್ಪುವವನಲ್ಲ.

ನಾಲ್ಕು ಬಿಡಾರಗಳು ಸುಲಭವಾಗಿ ಹೋದವು. ಐದನೆಯದನ್ನು ಸೂಲಗಿತ್ತಿ ಕೇಳಿದ್ದಳು. ಇಕ್ಕೇರಿ ರಸ್ತೆಯಲ್ಲಿದ್ದ ಅವಳ ಗುಡಿಸಲನ್ನು ಜಾಗದ ಒಡೆಯ ಕೀಳಿಸಿದ್ದ. ಮಳೆಗಾಲಕ್ಕೆ ಹದಿನೈದು ದಿನವೂ ಇರಲಿಲ್ಲ. ಜಪ್ತಿ ಮನೆಯ ಜಗಲಿಯಲ್ಲೇ ಸಭೆ ಸೇರಿತು. ತಕರಾರು ಹೇಳಲು ಕೇರಿಯೂ ಬಂತು.

“ನೀನು ಇಲ್ಲಿ ಬಂದು ಕೂತ್ರೆ ಕೇರಿ ಮರ್ಯಾದೆ ಎಂತ ಆತು ಮಾರಾಯ್ತಿ?” ಎಂದರು ಅಧ್ಯಕ್ಷರು. “ಹೆರಿಗೆಗೆ ಕರ್ಯೋದು ಬೇರೆ.”

“ಹೌದು ಅಯ್ಯಾ, ಹೆರಿಗೆಗೇ ಬಂದೋಳು. ಕಣ್ಣು ಮುಚ್ಕೊಂಡು ಬರ್ಲಿಲ್ಲ ನೋಡಿ.” ಅವಳು ನನ್ನ ಕಡೆ ತಿರುಗಿದಳು. “ಗುಮಾಸ್ತರೇ, ಬರ್ಕೊಳ್ಳಿ. ಈ ಮನೆ ಬಚ್ಚಲ ಬಾಗ್ಲು ಮೂಲೆಮನೆ ಕೊಟ್ಟಿಗೇಲಿದೆ. ಹಂಡೆ ಅಧ್ಯಕ್ಷರ ಮನೇಲಿದೆ. ಅವ್ರ ಸೊಸೆಗೆ ಅದ್ರಲ್ಲೇ ನೀರು ಕಾಯ್ಸಿದ್ದು. ಒಳ್ಳೆ ಹಂಡೆ, ಬೇಗ ಕಾಯ್ತದೆ.”

ಅಧ್ಯಕ್ಷರು ತಲೆಯೆತ್ತಿ ಮಾಡಿನ ಕಡೆ ನೋಡಿದರು. ಅಲ್ಲಿ ಹೆಂಚಿರಲಿಲ್ಲ, ಆಕಾಶವಿತ್ತು. ಅವಳು ಒಂದೊಂದೇ ಬೆರಳು ಮಡಚುತ್ತ ಆರು ಬಾಗಿಲುಗಳ ವಿಳಾಸ ಹೇಳಿದಳು. ನಾನು ಆರನ್ನೂ ಬರೆದು ಲೇಖನಿ ಕೆಳಗಿಟ್ಟೆ. ನನ್ನ ಮಗ ಹುಟ್ಟಿದ್ದು ಆ ಏಳನೆಯದರ ಮೇಲೆ, ಅವಳ ಕೈಯಲ್ಲೇ.

“ಏಳ್ನೇದು?” ಎಂದರು ಅಧ್ಯಕ್ಷರು, ಜೊತೆಗೊಬ್ಬ ಸಿಕ್ಕಲಿ ಎಂಬಂತೆ.

ಅವಳು ನನ್ನನ್ನೇ ನೋಡಿದಳು. “ನೆನಪಿಗೆ ಬರ್ತಿಲ್ಲ ಅಯ್ಯಾ.”

ಬಿಡಾರ ಸರ್ವಾನುಮತದಿಂದ ಮಂಜೂರಾಯಿತು. ಸಂಜೆಯೊಳಗೆ ಆರು ಬಾಗಿಲುಗಳೂ ಹಂಡೆಯೂ, ಯಾರೂ ಕೇಳದ ಹೆಂಚುಗಳೂ ಜಗಲಿಗೆ ಬಂದವು. ದೆವ್ವ ಇಷ್ಟು ಬೇಗ ತಿದ್ದಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರುದಿನ ಬೆಳಿಗ್ಗೆ, ಕೇರಿಯೆಲ್ಲ ಬೀದಿಯಲ್ಲಿ ನಿಂತು ನೋಡುತ್ತಿದ್ದ ಹೊತ್ತಿನಲ್ಲೇ, ನನ್ನದನ್ನು ತಲೆಯ ಮೇಲೆ ಹೊತ್ತು ಹೋದೆ. ಬಾಗಿಲಿಲ್ಲದೆ ಉಳಿದದ್ದು ಅವಳ ಬಿಡಾರವೊಂದೇ. ಅವಳು ಹೊಸ್ತಿಲಲ್ಲಿ ನಿಂತಿದ್ದಳು.

“ಮಗೂನ ಈಗ ಎಲ್ಲಿ ಮಲಗ್ಸಿದ್ರಿ?”

“ಚಾಪೆ ಮೇಲೆ.”

“ಥಂಡಿ ಆಗ್ತದೆ. ಕೆಳಗೊಂದು ಕಂಬಳಿ ಹಾಕಿ” ಎಂದವಳೇ ಬಾಗಿಲಿನ ಇನ್ನೊಂದು ತುದಿ ಹಿಡಿದಳು.